ನಂಬಿಕೊಂಡ ಸಾಲುಗಳು

ಹಾಸಿಗೆ ಕಂಪನಿಯ ಲೆಕ್ಕದ ಕೋಣೆ ಮಹಡಿಯ ಮೇಲಿತ್ತು. ಕೆಳಗೆ ಅಂಗಡಿ, ಅದರ ಹಿಂದೆ ಹೊಲಿಗೆಯವರ ಹಜಾರ. ಹೊಲಿಗೆ ಯಂತ್ರಗಳ ಸದ್ದು ಮೇಲೆ ಕೂತವರ ಕಿವಿಗೆ ಅಷ್ಟಾಗಿ ಬೀಳುತ್ತಿರಲಿಲ್ಲ, ನೆಲದೊಳಗಿಂದ ಅಂಗಾಲಿಗೆ ತಾಗುತ್ತಿತ್ತು. ಕಿಟಕಿಯ ಪಕ್ಕದ ಮೇಜಿನವಳನ್ನು ಕೋಣೆಯವರೆಲ್ಲ ಅಕ್ಕ ಅನ್ನುತ್ತಿದ್ದರು, ಅವಳಿಗಿಂತ ವಯಸ್ಸಾದವರೂ ಸೇರಿ. ಅವಳು ಬೇಡವೆಂದೂ ಹೇಳಲಿಲ್ಲ, ಸರಿಯೆಂದೂ ಹೇಳಲಿಲ್ಲ. ಹಾಗೇ ನಿಂತುಬಿಟ್ಟಿತು.

ಅಕ್ಕನ ತಾಯಿ ತೀರಿಕೊಂಡು ಕೆಲವು ತಿಂಗಳಾಗಿತ್ತು. ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ಜೀವ. ನೋಡಲು ಬಂದವರೆಲ್ಲ, "ಬಿಡುಗಡೆ ಆಯ್ತು ಬಿಡಿ, ಅವರಿಗೂ ನಿಮಗೂ" ಅಂದರು. ಅಕ್ಕ ಹೌದು ಅಂದಳು. ಅತ್ತಳೇ ಎಂದರೆ ಇಲ್ಲ. ಅಳು ಹುಟ್ಟುವ ಜಾಗದಲ್ಲಿ ಯಾರೋ ಹತ್ತಿ ತುರುಕಿ ಹೊಲಿದುಬಿಟ್ಟ ಹಾಗಿತ್ತು. ಬೆಳಗ್ಗೆ ಏಳುವಳು, ಒಲೆ ಹೊತ್ತಿಸುವಳು, ಒಬ್ಬಳಿಗೆ ಸಾಕಾಗುವಷ್ಟು ಬೇಯಿಸುವಳು, ಬೀಗ ಹಾಕಿ ಕೆಲಸಕ್ಕೆ ಬರುವಳು. ಲೆಕ್ಕದಲ್ಲಿ ಒಂದು ಅಂಕಿಯೂ ಹೆಚ್ಚುಕಮ್ಮಿ ಆಗಲಿಲ್ಲ. ಅದನ್ನು ನೋಡಿ ಕೋಣೆಯವರು ಗಟ್ಟಿ ಹೆಂಗಸು ಅಂದುಕೊಂಡರು. ಗಟ್ಟಿಯೋ ಪೊಳ್ಳೋ, ತಟ್ಟಿ ನೋಡಿದವರು ಯಾರೂ ಇರಲಿಲ್ಲ.

ಒಂದು ಸೋಮವಾರ ಮ್ಯಾನೇಜರು ಕೋಣೆಯ ಬಾಗಿಲಲ್ಲೇ ನಿಂತು ಸುದ್ದಿ ಹೇಳಿದರು. ಒಳಗೆ ಬಂದು ಹೇಳುವ ಸುದ್ದಿಯಲ್ಲ ಎಂದು ಅದರಿಂದಲೇ ಗೊತ್ತಾಯಿತು.

"ಹೊಸ ಸಾಫ್ಟ್‌ವೇರ್ ಬರ್ತಾ ಇದೆ. ಡೇಟಾಬೇಸ್ ಅಂತ. ನಾಳೆಯಿಂದ ತರಬೇತಿ, ಶನಿವಾರ ಪರೀಕ್ಷೆ. ಆಮೇಲೆ ಈ ಕೋಣೆಗೆ ನಾಲ್ಕು ಜನ ಸಾಕಾಗುತ್ತೆ. ಒಬ್ಬರು ಊರಾಚೆ ಗೋದಾಮಿಗೆ ಹೋಗಬೇಕಾಗುತ್ತೆ. ಅಲ್ಲಿ ಯಂತ್ರ ಇಲ್ಲ, ಕಾಗದದ ಮೇಲೆ ಸರಕು ಎಣಿಸಿ ಬರೆಯೋ ಕೆಲಸ. ಶಿಕ್ಷೆ ಅಂತ ಯಾರೂ ತಿಳ್ಕೋಬೇಡಿ."

ಶಿಕ್ಷೆ ಎಂದು ಎಲ್ಲರೂ ತಿಳಿದುಕೊಂಡರು. ಗೋದಾಮಿಗೆ ಎರಡು ಬಸ್ಸು ಬದಲಿಸಬೇಕು. ಹೊತ್ತು ಮೂಡುವಾಗ ಹೊರಟರೆ ಹೊತ್ತು ಮುಳುಗಿದ ಮೇಲೆ ಮನೆ. ಮ್ಯಾನೇಜರು ಮೆಟ್ಟಿಲಿಳಿಯುತ್ತಿದ್ದಂತೆ ನಾಲ್ಕು ಜನರ ಕಣ್ಣು ತಮ್ಮಷ್ಟಕ್ಕೆ ತಾವೇ ಹೋಗಿ ಮೂಲೆಯ ಮೇಜಿನ ಮೇಲೆ ಕೂತವು. ಅಲ್ಲಿದ್ದವರು ಮುಂದಕ್ಕೆ ಮಾವ.

ಆ ಅಡ್ಡಹೆಸರಿಗೆ ಕಾರಣ ಎರಡು. ಹಳೆಯ ಕಾಲದ ಗುಮಾಸ್ತರು. ಪುಟದ ಕೊನೆಯಲ್ಲಿ ಒಟ್ಟು ಹಾಕಿ 'ಮುಂದಕ್ಕೆ ಒಯ್ದದ್ದು' ಎಂದು ಬರೆಯದೆ ಅವರ ಕೈ ಮುಂದಿನ ಪುಟಕ್ಕೆ ಹೋಗುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಪುಟವೇ ಇಲ್ಲ, ಆದರೂ ಪರದೆ ತುಂಬಿದ ಕೂಡಲೇ ಒಂದು ಸಾಲು ಒಟ್ಟು, ಒಂದು ಸಾಲು 'ಹಿಂದಿನಿಂದ ತಂದದ್ದು'. ಎರಡನೆಯ ಕಾರಣ, ಯಾವ ಕೆಲಸ ಹೇಳಿದರೂ ನಾಳೆ ನೋಡೋಣ ಅನ್ನುವುದು.

ಮುಂದಕ್ಕೆ ಹಾಕದೆ ಅವರು ಮಾಡುತ್ತಿದ್ದ ಕೆಲಸ ಒಂದೇ. ಮಧ್ಯಾಹ್ನದ ಊಟದ ಗಂಟೆ ಹೊಡೆದ ತಕ್ಷಣ ಕನ್ನಡಕ ಮಡಚಿ ಜೇಬಿಗೆ ಹಾಕಿ ಮನೆಗೆ ಹೋಗುವುದು. ಮನೆ ಹಿಂದಿನ ಬೀದಿಯಲ್ಲೇ. ಹೆಂಡತಿಗೆ ಲಕ್ವ ಹೊಡೆದು ಎಡಭಾಗ ಪೂರ್ತಿ ಬಿದ್ದುಹೋಗಿತ್ತು. ಇವರು ಹೋಗಿ ಎತ್ತಿ ಕೂರಿಸಿ, ನಾಲ್ಕು ತುತ್ತು ತಿನ್ನಿಸಿ, ಬಟ್ಟೆ ಬದಲಿಸಿ, ಮಗ್ಗುಲು ತಿರುಗಿಸಿ ಮಲಗಿಸಿ ಬರಬೇಕು. ಒಂದೇ ಮಗ್ಗುಲಲ್ಲಿ ಇಡೀ ದಿನ ಬಿದ್ದಿದ್ದರೆ ಮೈ ಹುಣ್ಣಾಗುತ್ತದೆ. ಈ ಸಂಗತಿ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಆದರೆ ಮಗ್ಗುಲು ತಿರುಗಿಸುವಾಗ ಯಾವ ಕೈಯನ್ನು ಎಲ್ಲಿ ಕೊಡಬೇಕು ಎಂಬುದು ಗೊತ್ತಿದ್ದವಳು ಅಕ್ಕ ಒಬ್ಬಳೇ. ತಾಯಿ ಹೋದ ಮರುವಾರ ಅವಳು ತಾಯಿಯ ಗಾಳಿಹಾಸಿಗೆಯನ್ನು ಪಂಪಿನ ಸಮೇತ ತಂದು ಮಾವನಿಗೆ ಕೊಟ್ಟಿದ್ದಳು. ಮಾವ ತಿರುಗಿಸಿ ಮುರುಗಿಸಿ ನೋಡಿ, "ವೈರು ಸ್ವಲ್ಪ ಗಿಡ್ಡ" ಅಂದಿದ್ದರು. ಬೇರೆ ಮಾತು ಇಬ್ಬರೂ ಆಡಿರಲಿಲ್ಲ.

ತರಬೇತಿ ಕೊಡಲು ಬಂದವನಿಗೆ ಸದಾ ನೆಗಡಿ. ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕು, ಜೇಬಿನಲ್ಲಿ ಎರಡು ಕರವಸ್ತ್ರ. ಮಾದರಿ ವಸ್ತುಗಳನ್ನು ಜೋಡಿಸಿಡುವ ಉದ್ದನೆಯ ಕೋಣೆಯಲ್ಲಿ ದಿಂಬುಗಳನ್ನು ಒಂದು ಕಡೆ ಒಟ್ಟಿ ಐದು ಯಂತ್ರ ಇಟ್ಟಿದ್ದರು. ಅವನು ಮೊದಲ ದಿನವೇ ಇಷ್ಟು ಸಲ 'ಕೀ' ಅಂದನೆಂದರೆ, ಮಧ್ಯಾಹ್ನದೊಳಗೆ ಅವನಿಗೆ ಕೀ ಮೇಷ್ಟ್ರು ಎಂದು ಹೆಸರು ಬಿತ್ತು. ಇಟ್ಟವಳು ಪಟಪಟಿ. ಕೋಣೆಯಲ್ಲಿ ಎಲ್ಲರಿಗಿಂತ ಚಿಕ್ಕವಳು, ಬಾಯಿಗೂ ಬೆರಳಿಗೂ ಒಂದೇ ವೇಗ.

"ಪ್ರತಿ ಗಿರಾಕಿಗೂ ಒಂದು ಕೀ, ಅಂದ್ರೆ ಗುರುತಿನ ನಂಬರು," ಎಂದ ಮೇಷ್ಟ್ರು. "ಒಂದೇ ಹೆಸರಿನ ಇಬ್ಬರು ಇರಬಹುದು. ಒಂದೇ ಕೀ ಇಬ್ಬರಿಗೆ ಇರಬಾರದು. ಇದ್ದರೆ ಯಂತ್ರ ಒಪ್ಪಲ್ಲ."

"ನಮ್ಮನೇಲಿ ಬೀರು ಒಂದು, ಕೀ ಒಂದು, ಅದು ನನ್ನ ಹತ್ರಾನೂ ಇದೆ, ನನ್ನ ಅತ್ತೆ ಹತ್ರಾನೂ ಇದೆ," ಎಂದಳು ಪಟಪಟಿ. "ಒಪ್ಪದೆ ಇರೋದು ಬೀರು ಅಲ್ಲ ಸಾರ್, ನಾವಿಬ್ರು."

ಜೋಡಿ ಗುಮಾಸ್ತರಿಬ್ಬರೂ ನಕ್ಕರು. ಅವರನ್ನು ಜೋಡಿ ಎಂದೇ ಕರೆಯುವುದು; ಅಕ್ಕಪಕ್ಕ ಕೂತು ಒಬ್ಬ ಆಕಳಿಸಿದರೆ ಇನ್ನೊಬ್ಬ ಬಾಯಿ ಮುಚ್ಚಿಕೊಳ್ಳುವಷ್ಟು ಹೊಂದಾಣಿಕೆ. ಅಕ್ಕನೂ ತುಟಿ ಅಗಲಿಸಿದಳು. ನಗುವ ಹೊತ್ತಿಗೆ ನಗಬೇಕೆಂಬುದು ಅವಳಿಗೆ ಮರೆತಿರಲಿಲ್ಲ.

ಎರಡನೆಯ ದಿನ ಮಾವನ ಯಂತ್ರದ ಎದುರು ಗಲಾಟೆ. ಎಲ್ಲರಿಗೂ ಒಂದೇ ಅಭ್ಯಾಸ ಕೊಟ್ಟಿದ್ದರು: ಒಂದು ತಿಂಗಳಲ್ಲಿ ಯಾವ ಅಂಗಡಿಗೆ ಎಷ್ಟು ದಿಂಬು ಹೋಯಿತು ಎಂದು ಸಾಲುಸಾಲಾಗಿ ತುಂಬಿ, ಕೊನೆಗೆ ಯಂತ್ರವನ್ನು ಒಟ್ಟು ಕೇಳುವುದು. ನಾಲ್ಕು ಜನರಿಗೆ ಒಂದು ಉತ್ತರ, ಮಾವನಿಗೆ ಅದರ ಎರಡರಷ್ಟು.

"ನಿಮ್ಮ ಯಂತ್ರ ಸುಳ್ಳು ಹೇಳುತ್ತೆ," ಎಂದರು ಮಾವ, ಸಿಟ್ಟಿಲ್ಲದೆ, ಯಾರದೋ ಚಾಡಿ ಹೇಳುವವರ ಹಾಗೆ.

ಮೇಷ್ಟ್ರು ಮೂಗು ಒರೆಸಿಕೊಳ್ಳುತ್ತ ಬಂದು ನೋಡಿದ. ಅಂಗಡಿಗಳ ಸಾಲುಗಳ ಕೆಳಗೆ ಇನ್ನೊಂದು ಸಾಲು. ಅಂಗಡಿಯ ಹೆಸರು ಇರಬೇಕಾದ ಕಡೆ 'ಮುಂದಕ್ಕೆ ಒಯ್ದದ್ದು', ಅದರ ಎದುರಿಗೆ ಅಷ್ಟೂ ದಿಂಬಿನ ಮೊತ್ತ.

"ಇದು ಯಾವ ಅಂಗಡಿ ಸಾರ್?"

"ಅಂಗಡಿ ಅಲ್ಲ, ಒಟ್ಟು."

"ಒಟ್ಟನ್ನ ನೀವು ಬರೀಬಾರದು. ಬೇಕಾದಾಗ ಕೇಳಬೇಕು, ಅದು ಹೇಳುತ್ತೆ. ನೀವು ಬರೆದರೆ ಯಂತ್ರ ಅದನ್ನೂ ಒಂದು ಅಂಗಡಿ ಅಂದುಕೊಂಡು ಕೂಡುತ್ತೆ."

"ಬರೆದಿಡದೇ ಇರೋ ಒಟ್ಟನ್ನ ನಂಬೋದು ಹೇಗೆ?"

"ಅಳಿಸಿ, ಸರಿಹೋಗುತ್ತೆ."

ಮಾವ ಕನ್ನಡಕ ತೆಗೆದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರಿಗೆ ಲೆಕ್ಕ ಕಲಿಸಿದವರು ಮೇಜಿನ ಖಾನೆಯಲ್ಲಿ ರಬ್ಬರು ಕಂಡರೆ ಕಿಟಕಿಯಿಂದ ಎಸೆಯುತ್ತಿದ್ದರಂತೆ. ತಪ್ಪು ಬರೆದರೆ ಅದು ಹಾಗೇ ಇರಬೇಕು. ಅದರ ಕೆಳಗೆ ಅಷ್ಟೇ ಮೊತ್ತದ ತಿರುಗುಮುರುಗು ನಮೂದು ಹಾಕಿ ಸೊನ್ನೆ ಮಾಡಬೇಕು. ತಪ್ಪೂ ಕಾಣಬೇಕು, ತಿದ್ದಿದ್ದೂ ಕಾಣಬೇಕು. ಅಷ್ಟು ವರ್ಷ ಅದನ್ನೇ ಮಾಡಿದ ಕೈ ಅಳಿಸುವ ಗುಂಡಿಯ ಹತ್ತಿರ ಹೋಗಿ, ಸುತ್ತಿ ಬಳಸಿ ವಾಪಸು ಬಂತು. ಮಾವ ಕೆಳಗೆ ಇನ್ನೊಂದು ಸಾಲು ಸೇರಿಸಿ ಅದೇ ಮೊತ್ತವನ್ನು ಕಳೆಯುವ ಗುರುತು ಹಾಕಿ ಬರೆದರು. ಯಂತ್ರವನ್ನು ಮತ್ತೆ ಕೇಳಿದರು. ಉತ್ತರ ಸರಿಯಾಗಿ ಬಂತು.

"ನೋಡಿ, ಅಳಿಸದೇನೇ ಸರಿಹೋಯ್ತು."

"ಸರಿ, ಈಗ ಅಂಗಡಿಗಳು ಎಷ್ಟು ಅಂತ ಕೇಳಿ."

ಕೇಳಿದರು. ಎರಡು ಹೆಚ್ಚು ಬಂತು.

"ಇಲ್ಲದೇ ಇರೋ ಎರಡು ಅಂಗಡಿ ಬಂದು ಕೂತಿವೆ," ಎಂದ ಮೇಷ್ಟ್ರು. "ನಾಳೆ ಯಂತ್ರ ಅವುಗಳಿಗೂ ದಿಂಬು ಕಳಿಸಬೇಕಾ ಅಂತ ಕೇಳುತ್ತೆ."

"ಒಂದಕ್ಕೆ ಕಳಿಸಿ, ಇನ್ನೊಂದರಿಂದ ವಾಪಸ್ ತರಿಸಿಕೊಂಡ್ರೆ ಆಯ್ತು ಬಿಡಿ," ಎಂದಳು ಪಟಪಟಿ. ಈ ಸಲ ಜೋಡಿ ನಗಲಿಲ್ಲ. ಮಾವನ ಕಿವಿ ಕೆಂಪಾಗಿದ್ದು ಅವರಿಗೂ ಕಂಡಿತ್ತು.

ಮರುದಿನದ ಪಾಠ ಅಳಿಸುವುದರದ್ದೇ. ಮೇಷ್ಟ್ರು ಒಂದು ದೊಡ್ಡ ಅಂಗಡಿಯ ಸಾಲನ್ನು ತೋರಿಸಿ, ಇದನ್ನು ಅಳಿಸಿ ನೋಡಿ ಅಂದ. ಅಕ್ಕ ಅಳಿಸಲು ಹೋದಳು. ಪರದೆಯ ನಡುವೆ ಕೆಂಪು ಚೌಕ ಬಂದು ಅಡ್ಡ ನಿಂತಿತು: ಇದನ್ನು ನಂಬಿಕೊಂಡ ಬೇರೆ ಸಾಲುಗಳಿವೆ, ಅಳಿಸಲಾಗುವುದಿಲ್ಲ.

"ಆ ಅಂಗಡಿ ಹೆಸರಲ್ಲಿ ಬಿಲ್ಲುಗಳಿವೆ, ಆರ್ಡರುಗಳಿವೆ," ಎಂದ ಮೇಷ್ಟ್ರು. "ಇದು ಹೋದರೆ ಅವು ಯಾರವು? ಅದಕ್ಕೇ ಯಂತ್ರ ಬಿಡಲ್ಲ. ನೀವು ಎಷ್ಟು ಸಲ ಒತ್ತಿದರೂ ಬಿಡಲ್ಲ. ಈಗ ಕೆಳಗಿಂದ ಮೂರನೇದು ಅಳಿಸಿ."

ಅದು ಯಾವುದೋ ಚಿಕ್ಕ ಅಂಗಡಿ, ಹೆಸರು ಬರೆಸಿಕೊಂಡು ಏನನ್ನೂ ಕೊಳ್ಳದೆ ಹೋದದ್ದು. ಅಕ್ಕ ಗುಂಡಿ ಒತ್ತಿದಳು. ಚೌಕ ಬರಲಿಲ್ಲ, ಸದ್ದೂ ಬರಲಿಲ್ಲ. ಸಾಲು ಇರಲಿಲ್ಲ. ಕೆಳಗಿದ್ದ ಎರಡು ಸಾಲು ಮೇಲೆ ಸರಿದು, ಅಲ್ಲಿ ಏನಾದರೂ ಇತ್ತೆನ್ನುವುದಕ್ಕೆ ಸಂದೂ ಉಳಿದಿರಲಿಲ್ಲ.

"ಅಷ್ಟೇನಾ?" ಎಂದಳು ಅಕ್ಕ.

"ಅಷ್ಟೇ. ಅದಕ್ಕೆ ಯಾರೂ ಜೋತು ಬಿದ್ದಿರಲಿಲ್ಲ."

ಅಕ್ಕ ಸ್ವಲ್ಪ ಹೊತ್ತು ಪರದೆಯನ್ನು ನೋಡುತ್ತ ಕೂತಳು. ದುಃಖವಾಯಿತೇ ಎಂದು ತನ್ನೊಳಗೆ ಹುಡುಕಿ ನೋಡಿಕೊಂಡಳು, ಕತ್ತಲೆ ಕೋಣೆಯಲ್ಲಿ ಸ್ವಿಚ್ಚಿಗೆ ಗೋಡೆ ತಡವಿದ ಹಾಗೆ. ಕೈಗೆ ಗೋಡೆಯೇ ಸಿಕ್ಕಿತು. ಈ ಅಳಿಸಿಹೋದ ಸಾಲು ನಾನೇ ತಾನೇ ಎಂದು ಅವಳಿಗೆ ಅನ್ನಿಸಿದ್ದು ನಿಜ. ಆದರೆ ಹವಾಮಾನದ ವರದಿ ಓದಿದ ಹಾಗೆ ಅನ್ನಿಸಿತು, ಅಷ್ಟೇ.

ಚಹಾದ ವಿರಾಮದಲ್ಲಿ ಉಳಿದವರು ಕೆಳಗೆ ಹೋದರು. ಮಾವ ಯಂತ್ರದ ಎದುರೇ ಕೂತಿದ್ದರು. ಅಕ್ಕ ತನ್ನ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡಳು.

"ಮಾವ, ಕೊನೆ ಸಾಲು ತುಂಬಿದ ಮೇಲೆ ಕೈ ಎತ್ತಿ ತೊಡೆ ಮೇಲೆ ಇಟ್ಕೊಳ್ಳಿ. ಒಟ್ಟು ಬರೀಬೇಡಿ. ಅಷ್ಟು ಮಾಡಿದ್ರೆ ಅಳಿಸೋ ಪ್ರಸಂಗವೇ ಬರಲ್ಲ."

"ಇಟ್ಕೋತೀನಿ ಅಕ್ಕ. ತಲೆ ಒಪ್ಪುತ್ತೆ. ಕೈ ನನ್ನ ಮಾತು ಕೇಳಲ್ಲ."

ಅವಳು ಹೇಳಿಕೊಟ್ಟಳು. ಅವರು ಸಾಲುಗಳನ್ನು ತುಂಬಿದರು. ಬರವಣಿಗೆಯಲ್ಲಿ ಒಂದು ತಪ್ಪೂ ಇಲ್ಲ, ಒಂದು ಅಂಕಿಯೂ ಆಚೀಚೆಯಿಲ್ಲ. ಕೊನೆಗೆ ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಮರುಗಳಿಗೆಯಲ್ಲೇ, ಪಕ್ಕದಲ್ಲಿ ಅಕ್ಕ ಕೂತಿರುವುದೇ ಮರೆತವರ ಹಾಗೆ 'ಮುಂದಕ್ಕೆ ಒಯ್ದದ್ದು' ಎಂದು ಒತ್ತಿದರು. ಒತ್ತಿದ ಮೇಲೆ ತಾವೇ ನೋಡಿ ನಿಟ್ಟುಸಿರು ಬಿಟ್ಟರು.

"ಇರಲಿ, ಅಳಿಸಿ," ಎಂದಳು ಅಕ್ಕ.

"ನೀನೇ ಅಳಿಸು."

ಅಕ್ಕ ಅಳಿಸಿದಳು.

"ನಿನಗೆ ಹೇಗೆ ಆಗುತ್ತೆ ಇದು?" ಎಂದು ಮಾವ ಕೇಳಿದರು. ಗೇಲಿಯಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ್ದು.

"ಒತ್ತುತೀನಿ. ಹೋಗುತ್ತೆ."

"ಏನೂ ಅನ್ಸಲ್ವಾ?"

"ಇಲ್ಲ ಮಾವ."

ಅವರು ಅವಳ ಮುಖ ನೋಡಿದರು, ಮತ್ತೆ ಪರದೆ ನೋಡಿದರು. "ಗೋದಾಮಿಗೆ ಹಾಕಿದ್ರೆ ಪಕ್ಕದ ಮನೆಯವಳನ್ನ ಕೇಳಿದೀನಿ," ಎಂದರು. "ನೀರು ಕುಡಿಸ್ತೀನಿ ಅಂದ್ಲು. ತಿರುಗಿಸೋದು ಆಗಲ್ವಂತೆ, ಅವಳಿಗೂ ಸೊಂಟ ನೋವು. ದುಡ್ಡು ಕೊಟ್ಟು ಯಾರನ್ನಾದ್ರೂ ಇಡೋಣ ಅಂದ್ರೆ, ಇವಳು ಪರರ ಕೈ ಮುಟ್ಟಿಸ್ಕೊಳ್ಳಲ್ಲ. ಚೀರ್ತಾಳೆ. ಮಾತು ಬರಲ್ಲ, ಚೀರೋದು ಬರುತ್ತೆ."

ಅಕ್ಕ ಹೂಂ ಅಂದಳು. ಅವಳ ತಾಯಿಗೂ ಮಾತು ನಿಂತ ಮೇಲೆ ಚೀರುವುದು ಉಳಿದಿತ್ತು. ಅದನ್ನು ಹೇಳಬಹುದಿತ್ತು. ಹೇಳಿದರೆ ಇಬ್ಬರಿಗೂ ಅದರ ಮುಂದಿನ ಮಾತು ಹುಡುಕಬೇಕಾಗುತ್ತಿತ್ತು. ಕುರ್ಚಿಯನ್ನು ಮೊದಲಿದ್ದ ಕಡೆಗೆ ಎಳೆದುಕೊಂಡು ಹೋದಳು.

ಶನಿವಾರದ ಪರೀಕ್ಷೆಯಲ್ಲಿ ನಡೆದದ್ದನ್ನು ಉದ್ದ ಮಾಡಿ ಹೇಳುವಂಥದ್ದೇನಿಲ್ಲ. ಪಟಪಟಿ ಎಲ್ಲರಿಗಿಂತ ಮೊದಲು ಮುಗಿಸಿ ಉಗುರು ನೋಡಿಕೊಳ್ಳುತ್ತ ಕೂತಳು. ಜೋಡಿ ಒಂದೇ ಹೊತ್ತಿಗೆ ಎದ್ದರು. ಅಕ್ಕನದು ಸರಿಯಿತ್ತು. ಮಾವ ಕೊನೆಯವರೆಗೂ ಬೆವರಿದರು. ಅವರ ಪರದೆಯಲ್ಲಿ ದಿಂಬಿನ ಲೆಕ್ಕ ಸರಿಯಾಗಿತ್ತು, ಹಾಸಿಗೆಯ ಲೆಕ್ಕ ಸರಿಯಾಗಿತ್ತು. ಅಂಗಡಿಗಳ ನಡುನಡುವೆ ಮಾತ್ರ ಎಲ್ಲೂ ಇಲ್ಲದ ಅಂಗಡಿಗಳು, ಒಂದು ಕೂಡುವುದು, ಒಂದು ಕಳೆಯುವುದು, ಗಂಡ ಹೆಂಡಿರ ಹಾಗೆ ಒಂದರ ಕೆಳಗೊಂದು ಕೂತಿದ್ದವು. ಮೇಷ್ಟ್ರು ಅದನ್ನು ನೋಡಿ ಹಾಳೆಯ ಮೇಲೆ ಗುರುತು ಹಾಕಿದ. ಮಾವನಿಗೆ ಗೊತ್ತಾಯಿತು. ಅಷ್ಟು ಹೊತ್ತಿಗೆ ಮಧ್ಯಾಹ್ನದ ಗಂಟೆ ಹೊಡೆಯಿತು. ಅವರು ಕನ್ನಡಕ ಮಡಚಿ ಜೇಬಿಗೆ ಹಾಕಿಕೊಂಡು ಎಂದಿನ ಹಾಗೇ ಮೆಟ್ಟಿಲಿಳಿದು ಹೋದರು.

"ಪಾಪ," ಎಂದಳು ಪಟಪಟಿ. "ಇವರು ಹೋಗಿಬಿಟ್ರೆ ನಾನು ಯಾರನ್ನ ಗೋಳುಹುಯ್ಕೊಳ್ಳಲಿ."

ಅಕ್ಕ ತನ್ನ ಡಬ್ಬಿ ಬಿಚ್ಚಿ ಊಟ ಮಾಡಿದಳು. ಡಬ್ಬಿ ತೊಳೆದಳು. ತೊಳೆದ ಡಬ್ಬಿಯನ್ನು ಒರೆಸಿ ಚೀಲಕ್ಕೆ ಹಾಕಿಕೊಂಡು, ಮ್ಯಾನೇಜರ ಕೋಣೆಯ ಬಾಗಿಲು ತಟ್ಟಿದಳು. ಹೋಗಬೇಕೆಂದು ತೀರ್ಮಾನ ಮಾಡಿದ್ದು ಯಾವಾಗ ಎಂದು ಕೇಳಿದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಡಬ್ಬಿ ತೊಳೆಯುವಾಗ ಇರಬಹುದು.

ಒಳಗೆ ಕೀ ಮೇಷ್ಟ್ರೂ ಇದ್ದ. ವೈರುಗಳನ್ನು ಸುತ್ತಿ ಚೀಲಕ್ಕೆ ತುಂಬುತ್ತಿದ್ದ.

"ಗೋದಾಮಿಗೆ ನಾನು ಹೋಗ್ತೀನಿ ಸಾರ್," ಎಂದಳು ಅಕ್ಕ.

ಮ್ಯಾನೇಜರು ಹಾಳೆ ನೋಡಿದರು. "ನೀವು ಪಾಸಾಗಿದೀರಲ್ಲಮ್ಮ."

"ಆಗಿದೀನಿ."

"ಮತ್ತೇನು? ಅಲ್ಲಿ ಸಂಬಳ ಹೆಚ್ಚೇನೂ ಇಲ್ಲ. ಬಸ್ ಚಾರ್ಜಿಗೆ ಇಷ್ಟು ಅಂತ ಕೊಡ್ತಾರೆ, ಅಷ್ಟೇ."

"ಸರಿ."

"ಯಾರಾದ್ರೂ ಹೇಳಿ ಕಳಿಸಿದ್ರಾ?"

"ಇಲ್ಲ ಸಾರ್. ನನಗೆ ಮಧ್ಯಾಹ್ನ ಹೋಗೋಕೆ ಮನೆಯಲ್ಲಿ ಕೆಲಸ ಇಲ್ಲ. ರಾತ್ರಿ ತಡವಾಗಿ ಹೋದ್ರೂ ಕೇಳೋರಿಲ್ಲ. ನಾನು ಎಲ್ಲಿದ್ರೂ ಯಾರಿಗೂ ಹೆಚ್ಚುಕಮ್ಮಿ ಆಗಲ್ಲ."

ಹೇಳುವಾಗ ಅವಳದು ದಾಸ್ತಾನು ಒಪ್ಪಿಸುವವರ ದನಿ. ಮ್ಯಾನೇಜರೇ ಯಾಕೋ ಕೂತಲ್ಲಿ ಕೂರಲಾಗದೆ, ಮೇಜಿನ ಮೇಲಿನ ಪೆನ್ನನ್ನು ಈ ಕಡೆಯಿಂದ ಆ ಕಡೆಗೆ ಇಟ್ಟರು.

"ಅದು ಸರಿ. ಆದ್ರೆ ಅವರನ್ನ ಇಲ್ಲಿ ಇಟ್ಕೊಂಡು ನಾನೇನು ಮಾಡ್ಲಿ? ಇಲ್ಲದ ಅಂಗಡಿಗಳನ್ನ ಹುಟ್ಟುಹಾಕ್ತಾ ಕೂರ್ತಾರೆ."

ಅಕ್ಕ ಮೇಷ್ಟ್ರ ಕಡೆ ತಿರುಗಿದಳು. "ಒಬ್ಬೊಬ್ಬರಿಗೆ ಒಂದೊಂದು ಹಕ್ಕು ಕೊಡಬಹುದು ಅಂದ್ರಲ್ಲ ನೀವು ಬುಧವಾರ. ಬರೀ ಬಿಲ್ಲು ಸೇರಿಸೋ ಹಕ್ಕು, ಅಂಗಡಿ ಹೆಸರು ಹೊಸದಾಗಿ ಬರೆಯೋ ಹಕ್ಕು ಇಲ್ಲದ ಹಾಗೆ."

"ಕೊಡಬಹುದು," ಎಂದ ಮೇಷ್ಟ್ರು. ಫ್ಲಾಸ್ಕಿನ ಮುಚ್ಚಳ ಹುಡುಕುತ್ತಿದ್ದವನು ತಲೆ ಎತ್ತಿದ. "ಇರೋ ಅಂಗಡಿಗಳ ಪಟ್ಟಿಯಿಂದ ಆರಿಸ್ಕೋಬೇಕು, ಅಷ್ಟೇ ಬಿಡುತ್ತೆ. ಆಗ 'ಮುಂದಕ್ಕೆ' ಅಂತ ಬರೆಯೋಕೆ ಹೋದ್ರೆ ಯಂತ್ರವೇ ತಗೊಳ್ಳಲ್ಲ. ಅರ್ಧ ಗಂಟೆ ಕೆಲಸ."

"ಬರವಣಿಗೆಯಲ್ಲಿ ಅವರದು ಒಂದು ತಪ್ಪೂ ಇರಲ್ಲ ಸಾರ್," ಎಂದಳು ಅಕ್ಕ.

ಮ್ಯಾನೇಜರು ಹಾಳೆಯನ್ನು ಇನ್ನೊಮ್ಮೆ ನೋಡಿ ಮಡಚಿದರು. ಒಬ್ಬರು ಹೋದರೆ ಸಾಕು, ಯಾರು ಹೋದರೂ ಮೇಲಿನವರು ಕೇಳುವುದಿಲ್ಲ ಎಂಬುದು ಅವರಿಗೂ ಹೊಳೆದಿರಬೇಕು. "ಆಮೇಲೆ ಬಂದು ವಾಪಸ್ ಹಾಕಿ ಅನ್ನಬಾರದು," ಎಂದರು.

"ಅನ್ನಲ್ಲ."

ಅವತ್ತು ಸಂಜೆ ಫೋನು ಮಾಡಿದ ತಂಗಿಗೆ ಅಕ್ಕ ನಡೆದದ್ದನ್ನು ಹೇಳಿದಳು. ತಂಗಿಯದು ಬೇರೆ ಊರಿನಲ್ಲಿ ಸಂಸಾರ, ವಾರಕ್ಕೊಮ್ಮೆ ಫೋನು, ಪ್ರತಿ ಸಲ ಊಟ ಆಯ್ತಾ ಎಂಬಲ್ಲಿಂದ ಶುರು.

"ನಿನಗೇನು ಹುಚ್ಚಾ ಅಕ್ಕ? ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಗೋದಾಮಿಗೆ ಹೋಗ್ತೀಯ? ಯಾರದೋ ಹೆಂಡತಿಗೋಸ್ಕರ?"

"ಹೆಂಡತಿಗೋಸ್ಕರ ಅಲ್ಲ."

"ಮತ್ತೆ ಯಾರಿಗೋಸ್ಕರ?"

ಅಕ್ಕ ಯೋಚಿಸಿದಳು. "ಗೊತ್ತಿಲ್ಲ ಕಣೇ. ನಾನು ಹೋದ್ರೆ ಸುಲಭ. ಅವರು ಹೋದ್ರೆ ಕಷ್ಟ. ಅಷ್ಟೇ."

"ನೀನು ಅಮ್ಮನಿಗೂ ಹಿಂಗೇ ಮಾಡಿದ್ದು. ನನ್ನನ್ನ ಕರೀಲೇ ಇಲ್ಲ."

"ನೀನು ಬರ್ತಿದ್ಯಾ?"

ಆ ಕಡೆ ಯಾವುದೋ ಪಾತ್ರೆ ಮುಚ್ಚಿದ ಸದ್ದಾಯಿತು. ಆಮೇಲೆ ತಂಗಿ, "ಅತ್ತಾದ್ರೂ ಬಿಡೇ ಒಂದ್ಸಲ," ಎಂದಳು, ಜಗಳದ ದನಿಯಲ್ಲೇ.

"ನೋಡ್ತೀನಿ," ಎಂದಳು ಅಕ್ಕ.

ಸೋಮವಾರ ಅಕ್ಕ ತನ್ನ ಖಾನೆ ಖಾಲಿ ಮಾಡುತ್ತಿರುವಾಗ ಮಾವ ಬಂದು ಎದುರು ನಿಂತರು. ಕೋಣೆಯಲ್ಲಿ ಇಬ್ಬರೇ ಇದ್ದರು. ಅವರ ಮುಖ ಬಿಗಿದುಕೊಂಡಿತ್ತು.

"ನನ್ನ ಹೆಂಡತಿ ಹೆಸರು ಹೇಳಿ ಭಿಕ್ಷೆ ಬೇಡಿದ್ಯಾ?"

"ಇಲ್ಲ ಮಾವ. ನಿಮ್ಮ ಹೆಂಡತಿ ಸುದ್ದಿ ಎತ್ತಲೇ ಇಲ್ಲ."

"ಮತ್ತೇನು ಹೇಳ್ದೆ?"

"ನನ್ನ ವಿಷಯ ಹೇಳ್ದೆ."

"ಏನಂತ?"

"ಮನೇಲಿ ಯಾರೂ ಇಲ್ಲ ಅಂತ."

ಮಾವ ಇನ್ನೂ ಏನೋ ಬೈಯಲು ಬಂದಿದ್ದರು. ಅದಕ್ಕೆ ಹಿಡಿ ಸಿಗಲಿಲ್ಲ. ಅವಳ ಮೇಜಿನ ಅಂಚನ್ನು ಎರಡು ಬೆರಳಿನಿಂದ ಒರೆಸುತ್ತ ನಿಂತರು, ಅಲ್ಲಿ ಧೂಳೇನೂ ಇರಲಿಲ್ಲ. "ನನ್ನನ್ನ ಒಂದು ಮಾತು ಕೇಳಬೇಕಿತ್ತು," ಎಂದರು ಕೊನೆಗೆ.

"ಕೇಳಿದ್ರೆ ನಾಳೆ ನೋಡೋಣ ಅಂತಿದ್ರಿ."

ಅವರು ನಗಲಿಲ್ಲ. ತಮ್ಮ ಮೂಲೆಗೆ ಹೋಗಿ ಕೂತರು. ಅಕ್ಕ ಚೀಲ ಹೆಗಲಿಗೇರಿಸಿ ಹೊರಡುವಾಗ ತಲೆ ಎತ್ತಲಿಲ್ಲ.

ಗೋದಾಮು ಒಂದು ಉದ್ದನೆಯ ತಗಡಿನ ಕಟ್ಟಡ. ಒಳಗೆ ಮಾಡಿನವರೆಗೆ ಹಾಸಿಗೆಗಳು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಂದರ ಮೇಲೊಂದು. ಅಷ್ಟು ಹಾಸಿಗೆಗಳ ನಡುವೆ ಯಾವ ಸದ್ದೂ ನಿಲ್ಲುವುದಿಲ್ಲ. ಹೊರಗೆ ಲಾರಿ ಬಂದರೂ ಯಾರೋ ದೂರದಲ್ಲಿ ಕೆಮ್ಮಿದ ಹಾಗೆ ಕೇಳಿಸುತ್ತದೆ. ಅಕ್ಕ ಸಾಲುಗಳ ನಡುವೆ ನಡೆಯುತ್ತ, ಎಣಿಸುತ್ತ, ಕಾಗದದ ಮೇಲೆ ಬರೆಯುತ್ತಿದ್ದಳು. ಕೆಲಸ ಅವಳಿಗೆ ಹಿಡಿಸಿತು ಎನ್ನಲಾಗದು, ಹಿಡಿಸಲಿಲ್ಲ ಎನ್ನಲೂ ಆಗದು. ಸರಕು ಇಳಿಸುವ ಹೆಂಗಸರು ಎರಡನೆಯ ದಿನವೇ ಅವಳನ್ನು ಅಕ್ಕ ಎನ್ನತೊಡಗಿದರು. ಇಲ್ಲಿಗೂ ಆ ಹೆಸರು ಹೇಗೆ ಬಂತು ಎಂದು ಅವಳು ಕೇಳಲಿಲ್ಲ.

"ಅಕ್ಕ, ಇಷ್ಟು ಹಾಸಿಗೆ ಇದೆ, ಒಂದ್ಸಲಾನೂ ಒರಗಲಿಲ್ಲವಲ್ಲ ನೀವು," ಎಂದಳು ಅವರಲ್ಲಿ ದಪ್ಪಗಿದ್ದ ಒಬ್ಬಳು. "ನಾವೆಲ್ಲ ಊಟ ಆದ ಮೇಲೆ ಆ ಮೂಲೆಯಲ್ಲಿ ಬೀಳ್ತೀವಿ. ಮೇಲ್ವಿಚಾರಕನಿಗೂ ಗೊತ್ತು, ಅವನೂ ಬೀಳ್ತಾನೆ."

"ನನಗೆ ನಿದ್ದೆ ಬರಲ್ಲ."

"ನಿದ್ದೆ ಯಾರಿಗೆ ಬೇಕು, ಬೆನ್ನಿಗೆ ಬೇಕು."

ಗೋದಾಮಿನ ಎಣಿಕೆಯನ್ನು ದಿನಾ ಮಧ್ಯಾಹ್ನಕ್ಕೆ ಮುಂಚೆ ಫೋನಿನಲ್ಲಿ ಲೆಕ್ಕದ ಕೋಣೆಗೆ ಹೇಳಬೇಕು. ಮೊದಮೊದಲು ಆ ಕಡೆ ಫೋನು ಎತ್ತುತ್ತಿದ್ದವಳು ಪಟಪಟಿ. ಮಾವ ಹೇಗಿದ್ದಾರೆಂದು ಅಕ್ಕ ಕೇಳುತ್ತಿರಲಿಲ್ಲ, ಪಟಪಟಿ ತಾನಾಗಿಯೇ ಹೇಳುತ್ತಿದ್ದಳು: ಪಟ್ಟಿಯಿಂದ ಅಂಗಡಿ ಆರಿಸುವುದಕ್ಕೆ ಬೆರಳು ಇಟ್ಟು ಹುಡುಕುತ್ತಾರೆ, ಯಂತ್ರವನ್ನು ಬಹುವಚನದಲ್ಲಿ ಮಾತಾಡಿಸುತ್ತಾರೆ, 'ಮುಂದಕ್ಕೆ' ಎಂದು ಬರೆಯಲು ಹೋಗಿ ಯಂತ್ರ ತಗೊಳ್ಳದಿದ್ದರೆ ಸುತ್ತ ನೋಡಿ ಸುಮ್ಮನಾಗುತ್ತಾರೆ, ನಿಮ್ಮ ಹೆಸರು ಎತ್ತಿದರೆ ಎದ್ದು ನೀರು ಕುಡಿಯಲು ಹೋಗುತ್ತಾರೆ.

ಮಳೆಯ ಒಂದು ದಿನ ಫೋನು ಎತ್ತಿದ ದನಿ ಬೇರೆ ಇತ್ತು.

"ಹೇಳು, ಬರ್ಕೋತೀನಿ," ಎಂದರು ಮಾವ. "ಅವಳು ಇವತ್ತು ರಜ."

ಅಕ್ಕ ಹೇಳಿದಳು. ದೊಡ್ಡ ಹಾಸಿಗೆ ಇಷ್ಟು, ಚಿಕ್ಕದು ಇಷ್ಟು, ಮಕ್ಕಳದು ಇಷ್ಟು. ಅವರು ಪ್ರತಿ ಅಂಕಿಯನ್ನೂ ತಿರುಗಿ ಹೇಳಿ ಒಪ್ಪಿಸಿದರು. ತಗಡಿನ ಮೇಲೆ ಮಳೆ ಬೀಳುತ್ತಿದ್ದುದರಿಂದ ಒಂದೊಂದನ್ನು ಎರಡೆರಡು ಸಲ ಹೇಳಬೇಕಾಯಿತು.

"ಮಕ್ಕಳದು ನಿನ್ನೆಗಿಂತ ಕಮ್ಮಿ ಇದೆಯಲ್ಲ?"

"ಬೆಳಗ್ಗೆ ಲಾರಿಗೆ ಹೋಯ್ತು. ಅದರ ಚೀಟಿ ಸಂಜೆ ಕಳಿಸ್ತೀನಿ."

"ಸರಿ. ಮಳೆ ಜೋರಾ ಅಲ್ಲಿ?"

"ಜೋರು."

"ಒಳಗೆ ಸೋರುತ್ತಾ?"

"ಒಂದು ಕಡೆ. ಸರಕು ಸರಿಸಿದೀವಿ."

"ನೀನು ಸೋರೋ ಕಡೆ ಕೂರಬೇಡ." ಸ್ವಲ್ಪ ಹೊತ್ತು ಅವರು ಏನನ್ನೋ ಒತ್ತುವ ಸದ್ದು ಕೇಳಿತು. ನಿಧಾನ, ಒಂದೊಂದೇ ಬೆರಳು. ನಡುವೆ ಎರಡು ಸಲ ನಿಂತಿತು. "ತಗೊಂಡಿತು ನೋಡು. ಎಲ್ಲಾ ತಗೊಂಡಿತು."

"ಒಳ್ಳೇದಾಯ್ತು."

ಆ ಕಡೆ ಊಟದ ಗಂಟೆ ಹೊಡೆದದ್ದು ಫೋನಿನೊಳಗಿಂದ ಕೇಳಿಸಿತು.

"ಅಕ್ಕ," ಎಂದರು ಮಾವ. ಮುಂದೆ ಏನೋ ಹೇಳುವವರಿದ್ದರು. "ನಾನು ಮನೆಗೆ ಹೊರಟೆ. ಅವಳು ಕಾಯ್ತಿರ್ತಾಳೆ."

"ಹೂಂ, ಹೋಗಿ ಮಾವ. ಮಳೆ, ಕೊಡೆ ತಗೊಂಡು ಹೋಗಿ."

ಫೋನು ಇಟ್ಟು ತನ್ನ ಡಬ್ಬಿಯ ಊಟ ಮುಗಿಸಿದಳು. ದಪ್ಪಗಿದ್ದವಳು ಮತ್ತು ಉಳಿದವರು ಊಟ ಮುಗಿಸಿ ಮೂಲೆಯ ಹಾಸಿಗೆಗಳ ಕಡೆ ಹೋಗುತ್ತಿದ್ದರು. ಅಕ್ಕ ಚಪ್ಪಲಿ ಬಿಟ್ಟು ಅವರ ಹಿಂದೆ ಹೋಗಿ, ಕೊನೆಯಲ್ಲಿ ಖಾಲಿಯಿದ್ದ ಜಾಗದಲ್ಲಿ ಒಂದು ಮಗ್ಗುಲಾಗಿ ಒರಗಿದಳು. ಪ್ಲಾಸ್ಟಿಕ್ಕು ಕೆನ್ನೆಗೆ ತಣ್ಣಗೆ ಅಂಟಿತು. ನಿದ್ದೆ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಭುಜ ನೋಯತೊಡಗಿತು. ನೋಯುತ್ತಿದೆ ಎಂದು ಗೊತ್ತಾಗಲು ಅವಳಿಗೆ ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ಗೊತ್ತಾದ ಮೇಲೆ ಇನ್ನೊಂದು ಮಗ್ಗುಲಿಗೆ ತಾನೇ ತಿರುಗಿಕೊಂಡಳು.